ಕೊಳವನ್ನು ತೊಳೆಯುವ ಕೈ

ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಕಳುಹಿಸಬೇಕೆಂದು ನಮ್ಮ ಶಾಲೆಯವರ ಕಾಗದ ಬಂದಾಗ, ಯಾವ ವಿಷಯವನ್ನು ಕುರಿತು ಬರೆಯೋಣವೆಂದು ಕೆಲಕಾಲ ಆಲೋಚಿಸಿದೆವು. ಶಾಲೆಯ ದಿನಗಳ ನೆನಪುಗಳನ್ನು ನಮಗಿಂತ ಚೆನ್ನಾಗಿ ಬರೆಯಬಲ್ಲ ಹಳೆಯ ವಿದ್ಯಾರ್ಥಿನಿಯರು ಅನೇಕರುಂಟು. ಆದುದರಿಂದ ಗೃಹಕೃತ್ಯಕ್ಕೆ ಸೇರಿದ ಒಂದು ಪ್ರಶ್ನೆಯನ್ನು ವಾಚಕ ಸೋದರಿಯರ ಮುಂದಿಡಲು ನಿಶ್ಚಯಿಸಿದೆವು. ಮನೆಯಲ್ಲಿ ಈಜುಕೊಳವುಳ್ಳವರು ಅದನ್ನು ಕೈಯಿಂದ ಶುಚಿಮಾಡಿಸಬೇಕೋ, ತಾನಾಗಿ ನಡೆಯುವ ಯಂತ್ರದಿಂದ ಶುಚಿಮಾಡಿಸಬೇಕೋ ಎಂಬುದೇ ಆ ಪ್ರಶ್ನೆ. ಕೊಳವಿಲ್ಲದವರಿಗೆ ಇದು ನಿಷ್ಪ್ರಯೋಜಕವೆಂದು ತೋರಬಹುದು. ಆದರೆ ಬಟ್ಟೆ ಒಗೆಯುವ ಯಂತ್ರವನ್ನೋ ಪಾತ್ರೆ ತೊಳೆಯುವ ಯಂತ್ರವನ್ನೋ ಮನೆಗೆ ತಂದ ಗೃಹಿಣಿಯರೆಲ್ಲರೂ ಇದೇ ಪ್ರಶ್ನೆಯನ್ನು ಬೇರೊಂದು ರೂಪದಲ್ಲಿ ಎದುರಿಸಿಯೇ ಇರುವರು.

ನಾವಿರುವುದು ಮಂಗಳೂರಿನ ಹೊರವಲಯದ ಒಂದು ಗುಡ್ಡದ ಮೇಲೆ. ಒಂದು ಕಡೆ ಸಮುದ್ರವೂ, ಆಚೀಚೆ ನೇತ್ರಾವತಿ ಗುರುಪುರ ನದಿಗಳೂ ಇರುವ ಈ ಊರಿನಲ್ಲಿ ಹುಟ್ಟಿ ಬೆಳೆದರೂ ಈಜು ಬಾರದ ಹೆಂಗಸರು ನಮ್ಮ ಬಳಗದಲ್ಲಿಯೇ ಅನೇಕರು. ನಮ್ಮ ಇಬ್ಬರು ಹೆಣ್ಣುಮಕ್ಕಳೂ ಹಾಗಾಗಬಾರದೆಂಬುದು ನಮ್ಮ ಆಸೆಯಾಗಿತ್ತು. ಮೊಣಕಾಲಿನ ನೋವಿನಿಂದ ಬಳಲುತ್ತಿದ್ದ ಅತ್ತೆಯವರಿಗೆ ಎದೆಮಟ್ಟದ ನೀರಿನಲ್ಲಿ ನಡೆದಾಡುವುದು ಹಿತಕರವೆಂದು ವೈದ್ಯರೂ ಹೇಳಿದರು. ಈ ಎರಡು ಕಾರಣಗಳಿಂದ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.3 ಮೀಟರ್ ಆಳದ ಒಂದು ಕೊಳವನ್ನು ಕಟ್ಟಿಸಿದೆವು. ಅದರಲ್ಲಿ ಸುಮಾರು 41,000 ಲೀಟರ್ ನೀರು ಹಿಡಿಯುವುದು. ಕೊಳವು ಒಂದು ಬೇಸಿಗೆಯಲ್ಲಿ ಕಟ್ಟಿ ಮುಗಿಯಿತು. ಆದರೆ ಅದನ್ನು ಶುಚಿಯಾಗಿಡುವ ಕೆಲಸ ಎಂದಿಗೂ ಮುಗಿಯತಕ್ಕದ್ದಲ್ಲವೆಂದು ಮೊದಲನೆಯ ಮಳೆಗಾಲದಲ್ಲಿಯೇ ತಿಳಿಯಿತು.

ಕೊಳದ ಕೊಳೆಯನ್ನು ನಾಲ್ಕು ವಿಧವಾಗಿ ವಿಂಗಡಿಸಬಹುದು. ಮಾವಿನೆಲೆ, ತೆಂಗಿನ ಹೂವು, ಹುಳುಹುಪ್ಪಟೆಗಳು ನೀರಿನ ಮೇಲೆ ತೇಲುವುವು. ಮುರಕಲ್ಲಿನ ಕೆಂಪು ಮಣ್ಣು ತಳಕ್ಕೆ ಇಳಿಯುವುದು. ಪಾಚಿಯೂ ಮೈಯ ಜಿಡ್ಡೂ ಗೋಡೆಗೆ ಅಂಟುವುವು. ಬೆವರು ಮೊದಲಾದುವು ನೀರಿನಲ್ಲಿಯೇ ಕರಗಿ ಕಣ್ಣಿಗೆ ಕಾಣದೆ ಇರುವುವು. ಕೈಯಾಗಲಿ ಯಂತ್ರವಾಗಲಿ ಈ ನಾಲ್ಕರಲ್ಲಿ ಯಾವುದನ್ನು ತೆಗೆಯುವುದು, ಯಾವುದನ್ನು ಉಳಿಸುವುದು ಎಂಬುದನ್ನು ನೋಡಿದರೆ ನಮ್ಮ ಪ್ರಶ್ನೆಯ ಅರ್ಧಭಾಗ ಬಿಡಿಸಿದಂತಾಗುವುದು.

ಕೈಕೆಲಸದ ಕ್ರಮ ಹೀಗಿದೆ. ಮೊದಲು ಉದ್ದನೆಯ ಕೋಲಿಗೆ ಕಟ್ಟಿದ ಬಲೆಯಿಂದ ತೇಲುವ ಕಸವನ್ನು ತೆಗೆಯಬೇಕು. ಬಳಿಕ ಗೋಡೆಯನ್ನೂ ಮೆಟ್ಟಿಲುಗಳನ್ನೂ ಬ್ರಷ್ಷಿನಿಂದ ಉಜ್ಜಬೇಕು. ನುಣುಪಾದ ಬಿಲ್ಲೆಗಳಿಗೆ ನೈಲಾನಿನ ಬ್ರಷ್ಷೇ ತಕ್ಕದ್ದು. ಉಕ್ಕಿನ ಎಳೆಯುಳ್ಳದ್ದನ್ನು ಬರಿಯ ಕಾಂಕ್ರೀಟಿಗೆ ಮಾತ್ರ ಉಪಯೋಗಿಸಬಹುದು. ಉಜ್ಜಿದ ಕೊಳೆ ತಳಕ್ಕೆ ಇಳಿದ ಮೇಲೆ, ಚಕ್ರಗಳುಳ್ಳ ಒಂದು ಹೀರುಗೊಂಡೆಯನ್ನು ಉದ್ದನೆಯ ಕೊಳವೆಗೆ ಜೋಡಿಸಿ, ಪಂಪಿನ ಸೆಳೆತದಿಂದ ಅದನ್ನು ಹೀರಿ ತೆಗೆಯಬೇಕು. ಕೊಳವೆಯಲ್ಲಿ ಮೊದಲೇ ನೀರು ತುಂಬಿರಬೇಕು. ಗಾಳಿ ಉಳಿದರೆ ಅದು ಪಂಪಿಗೆ ಹೋಗಿ ನೀರಿನ ಓಟವೇ ನಿಲ್ಲುವುದು. ಗೊಂಡೆಯನ್ನು ಮೆಲ್ಲನೆ ನಡಿಸಬೇಕು. ಅವಸರಪಟ್ಟರೆ ಮಣ್ಣು ಮೇಲೆದ್ದು ನೀರೆಲ್ಲಾ ಕದಡುವುದು. ನಮ್ಮ ಕೊಳದಂಥಾ ಸಣ್ಣ ಕೊಳಕ್ಕೂ ಇದು ಒಂದೂವರೆ ಗಂಟೆಯ ಕೆಲಸ.

ಇನ್ನು ಯಂತ್ರಗಳ ವಿಚಾರ. ಅಮೆರಿಕೆಯ ಪಿಟ್ಸ್‌ಬರ್ಗ್ ನಗರದ ಜಾನ್ ಡೇವಿಸನ್ ಎಂಬವರು ಕೊಳ ಶುಚಿಮಾಡುವ ಸಾಧನವೊಂದರ ಪೇಟೆಂಟಿಗಾಗಿ 1912ರಲ್ಲಿಯೇ ಅರ್ಜಿ ಸಲ್ಲಿಸಿದ್ದರು. ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ್ದ ಫರ್ಡಿನಂಡ್ ಶೋವಿಯೇ ಎಂಬ ಇಂಜಿನಿಯರು 1974ರಲ್ಲಿ ಹೊರತಂದ ‘ಕ್ರೀಪಿ ಕ್ರಾಲಿ’ ಎಂಬುದು ತಾನಾಗಿ ತಳದಲ್ಲಿ ಹರಿದಾಡುವ ಯಂತ್ರಗಳಲ್ಲಿ ಪ್ರಸಿದ್ಧವಾಯಿತು. ಈಗ ದೊರೆಯುವ ಯಂತ್ರಗಳಲ್ಲಿ ಮುಖ್ಯವಾಗಿ ಮೂರು ಜಾತಿಗಳುಂಟು. ಮೊದಲನೆಯದು ಪಂಪಿನ ಸೆಳೆತದಿಂದಲೇ ನಡೆಯುವುದು. ಇದರ ಬೆಲೆ ಕಡಿಮೆ. ಆದರೆ ಹೀರಿದ ಕಸವೆಲ್ಲಾ ಪಂಪಿನ ಬುಟ್ಟಿಗೂ ಶೋಧಕಕ್ಕೂ ಹೋಗುವುದರಿಂದ ಅವುಗಳನ್ನು ಮೇಲಿಂದ ಮೇಲೆ ತೊಳೆಯಬೇಕಾಗುವುದು. ಎರಡನೆಯದು ಶೋಧಿಸಲ್ಪಟ್ಟು ಕೊಳಕ್ಕೆ ಹಿಂದಿರುಗುವ ನೀರಿನ ಒತ್ತಡದಿಂದ ನಡೆದು, ಕಸವನ್ನು ತನ್ನ ಚೀಲದಲ್ಲಿಯೇ ತುಂಬಿಕೊಳ್ಳುವುದು. ಎಲೆ ಹೆಚ್ಚಾಗಿ ಬೀಳುವಲ್ಲಿ ಇದು ಒಳ್ಳೆಯದು. ಆದರೆ ಅನೇಕ ವೇಳೆ ಇದಕ್ಕಾಗಿ ಇನ್ನೊಂದು ಪಂಪನ್ನು ಇಡಬೇಕಾಗುವುದು. ಮೂರನೆಯದು ವಿದ್ಯುಚ್ಛಕ್ತಿಯ ರೋಬಾಟು. ಇದಕ್ಕೆ ಸ್ವಂತ ಮೋಟರೂ ಸ್ವಂತ ಶೋಧಕವೂ ಇರುವುದರಿಂದ ಕೊಳದ ಪಂಪಿನ ಹಂಗಿಲ್ಲ. ನಮ್ಮ ಮನೆಯ ವಿದ್ಯುತ್ತನ್ನು ಬಹು ಕಡಿಮೆ ವೋಲ್ಟೇಜಿಗೆ ಇಳಿಸಿಯೇ ನೀರಿನೊಳಗೆ ಬಿಡುವುದು. ಎರಡು ಮೂರು ಗಂಟೆಗಳಲ್ಲಿ ತಳವನ್ನೆಲ್ಲಾ ಗುಡಿಸುವುದು. ಕೆಲವು ಗೋಡೆಯನ್ನೂ ಏರುವುವು. ಬೆಲೆ ಮಾತ್ರ ಮೂರರಲ್ಲಿಯೂ ಹೆಚ್ಚು.

ಇಷ್ಟನ್ನು ತಿಳಿದ ಮೇಲೆ ತೀರ್ಮಾನ ಸುಲಭವೆಂದು ಯಾರಾದರೂ ಹೇಳಬಹುದು. ನಮಗೆ ಸುಲಭವಾಗಲಿಲ್ಲ. ಏಕೆಂದರೆ ನಮ್ಮ ಕೊಳವನ್ನು ತೊಳೆಯುವ ಕೈ ನಮ್ಮದಾಗಿರಲಿಲ್ಲ.

ವಾರಕ್ಕೆ ಮೂರು ದಿನ ಈ ಕೆಲಸಕ್ಕೆ ಬರುವ ಹಿರಿಯರೊಬ್ಬರುಂಟು. ಅವರ ವಯಸ್ಸು ಅರುವತ್ತನ್ನು ಮೀರಿದೆ. ಮಕ್ಕಳು ಅವರನ್ನು ಅಜ್ಜನೆಂದೇ ಕರೆಯುವರು. ತಂದೆಯಿಲ್ಲದ ಮೊಮ್ಮಗಳೊಬ್ಬಳನ್ನು ಅವರೇ ಸಾಕುತ್ತಿರುವರು. ನಮ್ಮಲ್ಲಿ ದೊರೆಯುವ ಸಂಬಳದಿಂದಲೇ ಅವಳ ಶಾಲೆಯ ಫೀಜು, ಪುಸ್ತಕ, ಬಸ್ಸಿನ ಖರ್ಚು ನಡೆಯಬೇಕು. ಎರಡು ವರ್ಷಗಳಿಂದ ಅವರ ಬಲಭುಜ ಸರಿಯಾಗಿ ಏಳದು. ನೀರಿನೊಳಗೆ ಉದ್ದನೆಯ ಕೋಲನ್ನು ದೂಡುವ ಶ್ರಮವು ನೋಡುವವರಿಗೆ ತಿಳಿಯುವಂಥದ್ದಲ್ಲ. ಅವರು ಕೆಲಸದ ನಡುವೆ ಕೋಲನ್ನು ಕಟ್ಟೆಗೆ ಒರಗಿಸಿ ಭುಜವನ್ನು ಒತ್ತಿಕೊಳ್ಳುವುದನ್ನು ಅಡಿಗೆಮನೆಯ ಕಿಟಿಕಿಯಿಂದ ನಾವು ಹಲವು ಸಲ ಕಂಡಿದ್ದೆವು. ಯಂತ್ರವನ್ನು ತರಿಸುವ ಮಾತನ್ನು ಯಜಮಾನರು ಎತ್ತಿದಾಗ, ಅದು ಈ ಭುಜಕ್ಕೆ ಉಪಕಾರವೆಂದೂ ಈ ಸಂಬಳಕ್ಕೆ ಅಪಾಯವೆಂದೂ ನಮಗೆ ಒಂದೇ ಕ್ಷಣದಲ್ಲಿ ಹೊಳೆಯಿತು.

ಗುಟ್ಟಾಗಿ ನಿಶ್ಚಯಿಸಿ ಆಮೇಲೆ ತಿಳಿಸುವುದು ನ್ಯಾಯವಲ್ಲವೆಂದು ಅವರನ್ನೇ ಕೂರಿಸಿ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದ್ದಿಷ್ಟೆ: “ಯಂತ್ರ ಬರಲಿ ಅಮ್ಮಾ, ನನ್ನ ಕೈ ಇನ್ನು ಹೆಚ್ಚು ದಿನ ಏಳಲಾರದು. ಹುಡುಗಿಯ ಹತ್ತನೆಯ ತರಗತಿ ಮುಗಿಯುವ ತನಕ ಮಾತ್ರ ನನ್ನನ್ನು ಬಿಡಬೇಡಿ.”

ಅರಾಮ್ಯರ ಸೇನಾಪತಿಯಾದ ನಾಮಾನನ ಕಥೆಯನ್ನು ನಾವೆಲ್ಲರೂ ಶಾಲೆಯ ವೇದಪಾಠದಲ್ಲಿ ಕಲಿತವರೇ. ಅಷ್ಟು ದೊಡ್ಡವನಿಗೆ ಗುಣವಾಗುವ ದಾರಿಯನ್ನು ಮೊದಲು ತಿಳಿಸಿದವಳು ಅವನ ಮನೆಯ ಊಳಿಗದ ಒಬ್ಬ ಹುಡುಗಿ. ಅವಳ ಹೆಸರೂ ನಮಗೆ ತಿಳಿಯದು. ಮನೆಯಲ್ಲಿ ದುಡಿಯುವವರ ಮಾತಿಗೆ ಕಿವಿಗೊಡಬೇಕೆಂಬ ಪಾಠವನ್ನು ಆ ಕಥೆಯಿಂದ ನಮ್ಮ ಉಪಾಧ್ಯಾಯಿನಿಯರು ಹೇಳಿಕೊಟ್ಟಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು 1841ರಲ್ಲಿ ಅಚ್ಚುಕೂಟವನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದರೆಂಬುದನ್ನೂ ನಾವು ಕೇಳಿಬಲ್ಲೆವು. ಅಲ್ಲಿಯೂ ಯಂತ್ರಗಳಿದ್ದುವು, ಆದರೆ ಆ ಯಂತ್ರಗಳ ಪಕ್ಕದಲ್ಲಿ ಅನೇಕ ಕುಟುಂಬಗಳಿಗೆ ಜೀವನೋಪಾಯವೂ ದೊರೆಯಿತು. ಯಂತ್ರ ಬಂದೊಡನೆ ಮನುಷ್ಯನು ಹೋಗಲೇಬೇಕೆಂಬ ನಿಯಮವಿಲ್ಲ. ಅದನ್ನು ತರಿಸುವವರ ಮನಸ್ಸಿನಂತೆ ನಡೆಯುವುದು.

ಆದುದರಿಂದ ನಾವು ಹೀಗೆ ನಿಶ್ಚಯಿಸಿದೆವು. ತಳ ಗುಡಿಸುವ ಕೆಲಸಕ್ಕೆ ಒಂದು ರೋಬಾಟನ್ನು ತರಿಸುವುದು. ಅಜ್ಜನ ಸಂಬಳದಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡದಿರುವುದು. ಯಂತ್ರವನ್ನು ನೀರಿಗಿಳಿಸುವುದು, ಅದರ ಶೋಧಕವನ್ನು ತೊಳೆಯುವುದು, ನೀರನ್ನು ಪರೀಕ್ಷಿಸುವುದು, ಯಂತ್ರಕ್ಕೆ ನಿಲುಕದ ಕಡೆಗಳನ್ನು ಉಜ್ಜುವುದು, ಇವುಗಳನ್ನು ಅವರಿಗೇ ಒಪ್ಪಿಸುವುದು. ಆ ಯಂತ್ರಕ್ಕೆ ಕೊಟ್ಟ ಹಣ ಅವರ ಹಲವು ತಿಂಗಳ ಸಂಬಳಕ್ಕೆ ಸಮವಾಗಿತ್ತು. ಹಣವನ್ನು ಉಳಿಸುವುದೇ ಉದ್ದೇಶವಾಗಿದ್ದರೆ ಈ ಏರ್ಪಾಡಿಗೆ ಅರ್ಥವಿಲ್ಲವೆಂದು ಬಂಧುಗಳೊಬ್ಬರು ನಕ್ಕರು. ನಮ್ಮ ಉದ್ದೇಶ ಒಂದು ಭುಜವನ್ನು ಉಳಿಸುವುದಾಗಿತ್ತು.

ಯಂತ್ರವು ಬಂದ ಮೇಲೆ ಅದರ ಗುಣದೋಷಗಳು ತಿಳಿದುವು. ಮಳೆಗಾಲದ ಕೆಂಪು ಮಣ್ಣನ್ನು ಅದು ಕೈಗಿಂತ ಸಮನಾಗಿ ತೆಗೆಯುವುದು, ಬೇಸರಪಡುವುದಿಲ್ಲ. ಆದರೆ ಏಣಿಯ ಹಿಂಭಾಗ, ಮೆಟ್ಟಿಲುಗಳ ಮೂಲೆ, ನೀರಿನ ಮಟ್ಟದಲ್ಲಿ ಜಿಡ್ಡುಗಟ್ಟುವ ಬಿಲ್ಲೆಗಳ ಸಾಲು, ಇವುಗಳನ್ನು ಬಿಟ್ಟೇ ಹೋಗುವುದು. ಗಾಳಿಮಳೆಗೆ ವಿದ್ಯುತ್ತು ಹೋದರೆ ನಡುದಾರಿಯಲ್ಲಿ ನಿಲ್ಲುವುದು. ಶೋಧಕವನ್ನು ತೊಳೆಯದಿದ್ದರೆ ಹಿಡಿದ ಕೊಳೆಯನ್ನೇ ಹೊತ್ತು ತಿರುಗುವುದು. ಮಕ್ಕಳು ಅದನ್ನು ಆಟದ ಸಾಮಾನೆಂದು ತಿಳಿಯುವುದರಿಂದ, ಅದು ನೀರಿನಲ್ಲಿರುವಾಗ ಯಾರೂ ಕೊಳಕ್ಕಿಳಿಯಕೂಡದೆಂದು ಕಟ್ಟುನಿಟ್ಟು ಮಾಡಬೇಕಾಯಿತು.

ಇದೆಲ್ಲಕ್ಕಿಂತಲೂ ಮುಖ್ಯವಾದ ಒಂದು ಸಂಗತಿಯನ್ನು ಹೇಳಲೇಬೇಕು. ಯಂತ್ರ ಬಂದ ಮೂರನೆಯ ತಿಂಗಳಲ್ಲಿ ಅಜ್ಜನು ಮೆಟ್ಟಿಲುಗಳನ್ನು ಉಜ್ಜುತ್ತಾ, ತಳದ ನೀರುಗಂಡಿಯ ಮುಚ್ಚಳ ಒಂದು ಪಕ್ಕಕ್ಕೆ ಸ್ವಲ್ಪ ಎದ್ದಿರುವುದನ್ನು ಕಂಡರು. ಅದರ ಒಂದು ತಿರುಪು ಕಳಚಿಹೋಗಿತ್ತು. ಕೂಡಲೇ ಪಂಪನ್ನು ನಿಲ್ಲಿಸಿ, ಮಕ್ಕಳನ್ನು ನೀರಿಗಿಳಿಸಬೇಡಿರೆಂದು ನಮಗೆ ಹೇಳಿಕಳುಹಿಸಿದರು. ಮುಚ್ಚಳ ಸಡಿಲಾದ ಗಂಡಿಯ ಸೆಳೆತ ಎಷ್ಟು ಭಯಂಕರವೆಂಬುದು ಅನೇಕರಿಗೆ ತಿಳಿಯದು. ಅಮೆರಿಕೆಯಲ್ಲಿ 2002ರಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಬಾಲಿಕೆಯು ಬಿಸಿನೀರಿನ ತೊಟ್ಟಿಯ ಅಂಥಾ ಸೆಳೆತಕ್ಕೆ ಸಿಕ್ಕಿ ಮೃತಳಾದಳು. 2007ರಲ್ಲಿ ಅವಳ ಹೆಸರಿನಿಂದಲೇ ಆ ದೇಶದಲ್ಲಿ ನೀರುಗಂಡಿಗಳ ಮುಚ್ಚಳವನ್ನು ಕುರಿತ ಕಾನೂನಾಯಿತು. ನಮ್ಮ ರೋಬಾಟು ಆ ಮುಚ್ಚಳದ ಮೇಲೆ ಎಷ್ಟು ಸಲ ಹಾದುಹೋಗಿತ್ತೋ ದೇವರೇ ಬಲ್ಲನು. ಅದು ಗುಡಿಸಬಲ್ಲುದು, ನೋಡಲಾರದು. ಹೊಸ ಮುಚ್ಚಳವನ್ನು ಭದ್ರವಾಗಿ ಕೂರಿಸಿದ ಮೇಲೆಯೇ ಮಕ್ಕಳು ಮತ್ತೆ ನೀರಿಗಿಳಿದರು.

ನೀರಿನಲ್ಲಿ ಕರಗಿದ ಕೊಳೆಯ ಮಾತು ಉಳಿಯಿತು. ಅದನ್ನು ಬಲೆಯೂ ಯಂತ್ರವೂ ತೆಗೆಯಲಾರವು. ಅದಕ್ಕೆ ಕ್ಲೋರಿನ್ ಬೇಕು. ನೀರಿನ ದಶಲಕ್ಷ ಭಾಗಕ್ಕೆ 1 ರಿಂದ 3 ಭಾಗದಷ್ಟು ಇರಬೇಕು. ನೀರಿನ ಪಿ.ಹೆಚ್. 7.2 ರಿಂದ 7.8ರೊಳಗೆ ನಿಲ್ಲಬೇಕು, ಅದು 8ನ್ನು ಮೀರಿದರೆ ಕ್ಲೋರಿನ್ ಇದ್ದರೂ ಅದರ ಶಕ್ತಿ ಬಹಳ ಕುಂದುವುದು. ಕಟುವಾದ ವಾಸನೆ ಬಂದರೆ ಕ್ಲೋರಿನ್ ಹೆಚ್ಚಾಯಿತೆಂದು ಜನರು ತಿಳಿಯುವರು. ವಾಸ್ತವದಲ್ಲಿ ಅದು ಬೆವರು ಮೊದಲಾದುವುಗಳೊಡನೆ ಕ್ಲೋರಿನ್ ಬೆರೆತು ಹುಟ್ಟಿದ ವಾಸನೆ. ಔಷಧವನ್ನು ನೀರಿಗೆ ಹಾಕಬೇಕೇ ಹೊರತು ಔಷಧದ ಮೇಲೆ ನೀರನ್ನು ಸುರಿಯಬಾರದು. ಎರಡು ಬಗೆಯ ಕ್ಲೋರಿನ್ ಪುಡಿಗಳನ್ನು ಎಂದಿಗೂ ಬೆರೆಸಕೂಡದು, ಬೆಂಕಿಯೂ ಸ್ಫೋಟವೂ ಉಂಟಾಗಬಹುದು. ಈಗ ನಮ್ಮ ಹಿರಿಯ ಮಗಳೂ ಅಜ್ಜನ ಮೊಮ್ಮಗಳೂ ಶನಿವಾರಗಳಲ್ಲಿ ಒಟ್ಟಿಗೆ ಕುಳಿತು ನೀರಿನ ಬಣ್ಣವನ್ನು ಪರೀಕ್ಷಿಸಿ ಒಂದು ಪುಸ್ತಕದಲ್ಲಿ ಬರೆದಿಡುವರು. ರಸಾಯನಶಾಸ್ತ್ರದ ಪಾಠವು ಪುಸ್ತಕದಿಂದ ಕಲಿತುದಕ್ಕಿಂತ ಇದರಿಂದ ಹೆಚ್ಚು ತಿಳಿಯಿತೆಂದು ಇಬ್ಬರೂ ಹೇಳುವರು.

ಇದೇ ಪ್ರಶ್ನೆಯನ್ನು ಎದುರಿಸುವ ಸೋದರಿಯರಿಗೆ ನಮ್ಮ ವಿನಂತಿ ಇಷ್ಟೆ. ಕೊಳವು ಬಹಳ ಸಣ್ಣದಾಗಿ, ಮನೆಯವರಿಗೆ ಸಮಯವೂ ಶಕ್ತಿಯೂ ಇದ್ದರೆ ಕೈಕೆಲಸವೇ ಸಾಕು. ಮಕ್ಕಳಿಗೂ ಅದು ಒಳ್ಳೆಯ ಅಭ್ಯಾಸ. ಮರಗಳು ಹೆಚ್ಚಾಗಿದ್ದರೆ ಒತ್ತಡದಿಂದ ನಡೆಯುವ ಯಂತ್ರವನ್ನೂ, ಪಂಪನ್ನು ಬಹಳ ಹೊತ್ತು ನಡಿಸಲು ಇಷ್ಟವಿಲ್ಲದಿದ್ದರೆ ರೋಬಾಟನ್ನೂ ಆಲೋಚಿಸಬಹುದು. ಯಾವುದನ್ನು ತಂದರೂ ವಾರಕ್ಕೊಮ್ಮೆ ಮನುಷ್ಯರೊಬ್ಬರು ಕೈಯಲ್ಲಿ ಬ್ರಷ್ಷು ಹಿಡಿದು ಕೊಳವನ್ನೆಲ್ಲಾ ಸುತ್ತಿ ನೋಡಬೇಕು. ನಾಲ್ಕೂ ಕಡೆಗೆ ಕನಿಷ್ಠ ನಾಲ್ಕು ಅಡಿ ಎತ್ತರದ ಬೇಲಿಯೂ ತಾನಾಗಿ ಮುಚ್ಚಿಕೊಳ್ಳುವ ಬಾಗಿಲೂ ಇರಬೇಕು. ಯಂತ್ರವನ್ನು ತರಿಸುವ ಮುಂಚೆ, ಅದುವರೆಗೆ ಆ ಕೆಲಸವನ್ನು ಮಾಡುತ್ತಿದ್ದವರನ್ನು ಕರೆದು ಮಾತನಾಡಬೇಕು. ಬೆಲೆಪಟ್ಟಿಯಲ್ಲಿ ಬರೆಯದ ಖರ್ಚು ಅದೊಂದೇ; ಅದನ್ನು ತೀರಿಸುವ ಹೊಣೆ ಮನೆಯ ಒಡತಿಯದು.

ಅಜ್ಜನ ಮೊಮ್ಮಗಳು ಈ ವರ್ಷ ಹತ್ತನೆಯ ತರಗತಿಯಲ್ಲಿರುವಳು. ಅವಳು ಮುಂದೆ ಓದಬೇಕೆಂದಿರುವಳು. ಅಜ್ಜನೂ ಕೆಲಸವನ್ನು ಬಿಡುವ ಮಾತನ್ನು ಈಗ ಆಡುವುದಿಲ್ಲ.