ಇನ್ನೊಂದು ಬೀಗದಕೈ ಯಾರ ಹತ್ತಿರ ಉಂಟು?

ಅಂಗಡಿಯ ಶಟರಿಗೆ ಯಾವತ್ತೂ ಎರಡು ಬೀಗದಕೈ ಇರ್ತದೆ. ಒಂದು ಬೆಳಿಗ್ಗೆ ಬಂದು ಬಾಗಿಲು ತೆಗೆಯುವವನ ಜೇಬಿನಲ್ಲಿ, ಇನ್ನೊಂದು ಯಜಮಾನರ ಮನೆಯಲ್ಲಿ. ಕರಾಮಾದ ಟೈಲರ್ ಅಂಗಡಿ ಇರಲಿ, ದೇರಾದ ಕೆಫೆಟೇರಿಯಾ ಇರಲಿ, ಶಾರ್ಜಾದ ಗ್ಯಾರೇಜ್ ಇರಲಿ, ಈ ವಿಷಯದಲ್ಲಿ ಯಾರೂ ಉದಾಸೀನ ಮಾಡುವುದಿಲ್ಲ. ಆದರೆ ಅದೇ ಅಂಗಡಿಯ ವಾಟ್ಸಾಪ್ ನಂಬರ್, ಇಮೇಲ್, ವ್ಯಾಟ್ ಲಾಗಿನ್, ಗೂಗಲ್ ಮ್ಯಾಪಿನಲ್ಲಿ ಕಾಣುವ ಅಂಗಡಿಯ ಹೆಸರು, ಇವೆಲ್ಲದಕ್ಕೂ ಒಂದೇ ಬೀಗದಕೈ. ಅದೂ ಯಾರೋ ಒಬ್ಬರ ಫೋನಿನಲ್ಲಿ!

ನಾವು ಐದಾರು ಮಂದಿ ಗೆಳೆಯರು ಇಲ್ಲಿ ಆಫೀಸು ಕೆಲಸದವರು. ಕೆಲವರು ಲೆಕ್ಕಪತ್ರ ನೋಡುವವರು, ಕೆಲವರು ಕಂಪ್ಯೂಟರ್ ನೋಡಿಕೊಳ್ಳುವವರು, ಒಬ್ಬರು ಟೈಪಿಂಗ್ ಸೆಂಟರಿನವರು. ರಜೆಯ ದಿನ ಊರಿನವರು ಫೋನು, ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ರೂಮಿಗೆ ಬರುತ್ತಾರೆ. "ಇದೊಂದು ಸ್ವಲ್ಪ ನೋಡಿ ಅಣ್ಣ" ಅಂತಾರೆ. ಇಷ್ಟು ವರ್ಷ ನೋಡಿದ ಮೇಲೆ ನಮಗೆ ಅನಿಸಿದ್ದು ಇಷ್ಟೇ: ಕಂಪ್ಯೂಟರ್ ಹಾಳಾದರೆ ರಿಪೇರಿಗೆ ಒಂದು ದಾರಿ ಇರ್ತದೆ, ಆದರೆ ಕೆಲಸ ಗೊತ್ತಿದ್ದ ಮನುಷ್ಯ ಊರಿಗೆ ಹೋಗಿ, ಬೀಗದಕೈಯೂ ಅವನ ಜೊತೆಗೇ ಹೋದರೆ ರಿಪೇರಿ ಬಹಳ ಕಷ್ಟ.

ಗಲ್ಫಿನಲ್ಲಿ ಈ ಕಷ್ಟ ಯಾಕೆ ಹೆಚ್ಚು ಅಂದ್ರೆ, ಇಲ್ಲಿ ನಾವ್ಯಾರೂ ಕಾಯಂ ಅಲ್ಲ. ಮನೆಯಲ್ಲಿ ಅಮ್ಮನಿಗೆ ಹುಷಾರಿಲ್ಲ ಅಂತ ಒಂದು ಫೋನ್ ಬಂದರೆ ಆ ರಾತ್ರಿಯೇ ಮಂಗಳೂರಿನ ಫ್ಲೈಟು ಹತ್ತುತ್ತೇವೆ. ಒಳ್ಳೆ ಸಂಬಳ ಸಿಕ್ಕಿದರೆ ದೋಹಾಕ್ಕೋ ದಮ್ಮಾಮಿಗೋ ಹೋಗುತ್ತೇವೆ. ಇನ್ನು ಇಲ್ಲಿಯ ಮೊಬೈಲ್ ನಂಬರ್ ಎಮಿರೇಟ್ಸ್ ಐಡಿಗೆ ಸೇರಿಕೊಂಡಿರುತ್ತದೆ. ಐಡಿ ಮುಗಿದು ಹೊಸದು ಕೊಡದಿದ್ದರೆ ಸಿಮ್ ಕೂಡ ಇವತ್ತಲ್ಲ ನಾಳೆ ಬಂದ್. ಬಂದ್ ಆದ ನಂಬರ್ ಸ್ವಲ್ಪ ಸಮಯದ ಮೇಲೆ ಗುರುತೇ ಇಲ್ಲದ ಇನ್ನೊಬ್ಬರ ಪಾಲಾಗುತ್ತದೆ.

ನಮಗೆ ಗೊತ್ತಿರುವ ಒಂದು ಟೈಲರ್ ಅಂಗಡಿಯಲ್ಲಿ ಹೀಗೇ ಆಯ್ತು. ಅಂಗಡಿ ಶುರುವಾದಾಗ ಅಲ್ಲಿದ್ದ ಕುಂದಾಪುರದ ಹುಡುಗ ತನ್ನ ಹೆಸರಿನಲ್ಲಿ ಒಂದು ಸಿಮ್ ತೆಗೆಸಿಕೊಟ್ಟಿದ್ದ. ಆ ನಂಬರೇ ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ, ಗಿರಾಕಿಗಳ ಫೋನಿನಲ್ಲಿ. ಅಳತೆ, ಡಿಸೈನಿನ ಫೋಟೋ, ಅಡ್ವಾನ್ಸ್ ಕೊಟ್ಟ ಲೆಕ್ಕ ಎಲ್ಲ ವಾಟ್ಸಾಪಿನಲ್ಲೇ. ಹುಡುಗ ವೀಸಾ ಕ್ಯಾನ್ಸಲ್ ಮಾಡಿಸಿ ಸೌದಿಗೆ ಹೋದ. ಕೆಲವು ತಿಂಗಳು ಏನೂ ಆಗಲಿಲ್ಲ, ಅಂಗಡಿಯ ಫೋನಿನಲ್ಲಿ ವಾಟ್ಸಾಪ್ ನಡೀತಾನೇ ಇತ್ತು. ಒಂದು ದಿನ ಆ ಫೋನು ಹಾಳಾಗಿ ಹೊಸ ಫೋನಿಗೆ ಹಾಕಲು ಹೋದರೆ, ಕೋಡ್ ಹೋಗುವುದು ಸತ್ತ ಸಿಮ್ಮಿಗೆ! ಈದ್ ಹಬ್ಬಕ್ಕೆ ಮೂರು ವಾರ ಬಾಕಿ. ಯಜಮಾನರು ನಮ್ಮ ಎದುರು ಕೂತು ಹೇಳಿದ ಮಾತು ಇನ್ನೂ ನೆನಪುಂಟು: "ಅಂಗಡಿ ಉಂಟು, ಮೆಷಿನ್ ಉಂಟು, ಗಿರಾಕಿಗಳೇ ಕಳೆದುಹೋದ್ರು ಮಾರಾಯ್ರೆ." ಹೋದ ಹುಡುಗನದ್ದು ಕೆಟ್ಟ ಮನಸ್ಸಲ್ಲ. ಫೋನ್ ಮಾಡಿದಾಗ ಪಾಪ ಅವನೇ ಅತ್ತುಬಿಟ್ಟ. ಆದರೆ ಅವನ ಕೈಯಲ್ಲಿ ಮಾಡಲಿಕ್ಕೆ ಏನೂ ಉಳಿದಿರಲಿಲ್ಲ.

ಹಾಗಾಗಿ ಮೊದಲನೇ ಕೆಲಸ ಇದು. ಟ್ರೇಡ್ ಲೈಸೆನ್ಸ್ ತೋರಿಸಿ ಅಂಗಡಿಯ ಹೆಸರಿನಲ್ಲೇ ಸಿಮ್ ತಗೊಳ್ಳಿ. ಈಗಾಗಲೇ ಒಬ್ಬರ ಹೆಸರಿನಲ್ಲಿದ್ದರೆ ಅವರು ಇಲ್ಲಿ ಇರುವಾಗಲೇ ಬದಲಾಯಿಸಿಕೊಳ್ಳಿ. ನಂಬರನ್ನೇ ಬದಲಿಸಬೇಕಾದರೆ ವಾಟ್ಸಾಪಿನ ಸೆಟ್ಟಿಂಗಿನಲ್ಲಿ ನಂಬರ್ ಬದಲಿಸುವ ಸೌಕರ್ಯವಿದೆ. ಖಾತೆ ಹೊಸ ನಂಬರಿಗೆ ಹೋಗುತ್ತದೆ, ಗಿರಾಕಿಗಳಿಗೆ ತಿಳಿಸುವ ವ್ಯವಸ್ಥೆಯೂ ಅದರಲ್ಲೇ ಇದೆ. ಹಳೇ ಸಿಮ್ ಬದುಕಿರುವಾಗಲೇ ಇದನ್ನು ಮಾಡಿ ಮುಗಿಸಬೇಕು. ಜೊತೆಗೆ ಎರಡು ಹಂತದ ಪರಿಶೀಲನೆ ಅಂತ ಇರ್ತದೆ, ಅದರಲ್ಲಿ ಆರು ಅಂಕಿಯ ಪಿನ್ ಇಟ್ಟು ಅಂಗಡಿಯ ಇಮೇಲ್ ಸೇರಿಸಿ. ಕಂಪ್ಯೂಟರಿನಲ್ಲಿ ವಾಟ್ಸಾಪ್ ತೆರೆದಿದೆ, ಹಾಗಾಗಿ ತೊಂದರೆ ಇಲ್ಲ ಅಂತ ಕೆಲವರು ಅಂದುಕೊಳ್ತಾರೆ. ಮುಖ್ಯ ಫೋನು 14 ದಿನ ಬಳಸದೆ ಬಿದ್ದಿದ್ದರೆ ಕಂಪ್ಯೂಟರಿನದ್ದೂ ತಾನಾಗಿ ಮುಚ್ಚಿಹೋಗುತ್ತದೆ.

ಎರಡನೆಯದು ಇಮೇಲ್. ಯುಎಇಯಲ್ಲಿ 2018ರ ಜನವರಿ 1ರಿಂದ ಶೇಕಡಾ 5ರ ವ್ಯಾಟ್ ಬಂತು. ವರ್ಷಕ್ಕೆ 3,75,000 ದಿರ್ಹಮ್‌ಗಿಂತ ಹೆಚ್ಚು ತೆರಿಗೆ ಬೀಳುವ ವಹಿವಾಟು ಇದ್ದರೆ ನೋಂದಣಿ ಕಡ್ಡಾಯ. ಅವಧಿ ಮುಗಿದ 28 ದಿನದೊಳಗೆ ರಿಟರ್ನ್ ಹಾಕಬೇಕು. ಇದೆಲ್ಲ ನಡೆಯುವುದು ಎಮಾರಾಟ್ಯಾಕ್ಸ್ ಪೋರ್ಟಲಿನಲ್ಲಿ. ಸಣ್ಣ ಅಂಗಡಿಗಳಲ್ಲಿ ಏನಾಗಿದೆ ಅಂದ್ರೆ, ನೋಂದಣಿ ಮಾಡಿದ ದಿನ ಅಕೌಂಟೆಂಟ್ ತನ್ನ ಸ್ವಂತ ಇಮೇಲ್, ತನ್ನ ಸ್ವಂತ ಮೊಬೈಲ್ ಕೊಟ್ಟುಬಿಟ್ಟಿರುತ್ತಾರೆ. ಆವತ್ತಿಗೆ ಅದು ಸುಲಭ. ಆಮೇಲೆ ಅವರು ಪುತ್ತೂರಿನಲ್ಲಿ ತೋಟ ನೋಡಿಕೊಂಡು ಇರುತ್ತಾರೆ, ಇಲ್ಲಿ ಕೊನೇ ದಿನ ರಾತ್ರಿ ಹನ್ನೊಂದಕ್ಕೆ ಫೋನ್: "ಭಾವ, ಒಂದು ಕೋಡ್ ಬಂದಿದೆಯಾ ನೋಡಿ." ಅಲ್ಲಿ ಆಗ ಹನ್ನೆರಡೂವರೆ, ಭಾವ ನಿದ್ದೆಯಲ್ಲಿ.

ಅಂಗಡಿಗೆ ಅಂತಲೇ ಒಂದು ಇಮೇಲ್ ಮಾಡಿ. ಲೈಸೆನ್ಸ್, ಬ್ಯಾಂಕ್, ವ್ಯಾಟ್, ಟೆಲಿಫೋನ್ ಬಿಲ್ಲು ಎಲ್ಲದಕ್ಕೂ ಅದನ್ನೇ ಕೊಡಿ. ಜಿಮೇಲ್ ಆದರೆ ಬ್ಯಾಕಪ್ ಕೋಡ್ ಅಂತ ಹತ್ತು ಕೋಡ್ ಕೊಡುತ್ತದೆ, ಒಂದೊಂದು ಒಂದೇ ಸಲ ನಡೆಯುತ್ತದೆ. ಅದನ್ನು ಪ್ರಿಂಟ್ ತೆಗೆದು ಲೈಸೆನ್ಸಿನ ಫೈಲಿನ ಜೊತೆ ಬೀಗ ಹಾಕಿ ಇಡಿ. ಊರಿನ ಕ್ಯಾಲೆಂಡರಿನ ಹಿಂದೆ ಬರೆದಿಡಬೇಡಿ, ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಲೇಬೇಡಿ. ಬೀಗದೊಳಗಿನ ಕಾಗದವನ್ನು ಕದಿಯಬೇಕಾದರೆ ಕಳ್ಳ ಅಂಗಡಿಗೇ ಬರಬೇಕು. ಗುಂಪಿಗೆ ಹಾಕಿದ ಫೋಟೋಕ್ಕೆ ಆ ಕಷ್ಟವೂ ಇಲ್ಲ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಮಾಲೀಕ ಅಂತ ಯಾರ ಖಾತೆ ಇದೆ ನೋಡಿ. ಅದಕ್ಕೆ ಇನ್ನೊಬ್ಬರನ್ನು ಸೇರಿಸಬಹುದು, ಪಾಸ್‌ವರ್ಡ್ ಹಂಚಿಕೊಳ್ಳುವ ಅಗತ್ಯವೇ ಇಲ್ಲ.

ಮೂರನೆಯದು ಲೆಕ್ಕದ ಫೈಲುಗಳು. ವ್ಯಾಟ್ ದಾಖಲೆಗಳನ್ನು ಕನಿಷ್ಠ 5 ವರ್ಷ, ಕಾರ್ಪೊರೇಟ್ ತೆರಿಗೆಯ ದಾಖಲೆಗಳನ್ನು 7 ವರ್ಷ ಇಟ್ಟುಕೊಳ್ಳಬೇಕೆಂದು ಇಲ್ಲಿಯ ಕಾನೂನು. ಅಷ್ಟು ವರ್ಷ ಒಂದೇ ಲ್ಯಾಪ್‌ಟಾಪ್ ಬಾಳ್ತದಾ? 2024ರ ಏಪ್ರಿಲ್ 16ರ ಮಳೆಯನ್ನು ಇಲ್ಲಿ ಯಾರೂ ಮರೆತಿಲ್ಲ. ಅಲ್ ಐನ್ ಕಡೆ ಒಂದೇ ದಿನದೊಳಗೆ 254 ಮಿಲಿಮೀಟರ್ ಸುರಿಯಿತು, 1949ರಿಂದ ಲೆಕ್ಕ ಇಟ್ಟಾಗಿನಿಂದ ಅಷ್ಟು ಬಂದದ್ದೇ ಇಲ್ಲ ಅಂದರು. ದುಬೈ, ಶಾರ್ಜಾದಲ್ಲಿ ನೆಲಮಟ್ಟದ ಅಂಗಡಿಗಳೊಳಗೆ ನೀರು ನುಗ್ಗಿತು. ಮೇಜಿನ ಕೆಳಗಿದ್ದ ಸಿಪಿಯು, ಅದರ ಪಕ್ಕದಲ್ಲೇ ಇದ್ದ ಬ್ಯಾಕಪ್ ಡಿಸ್ಕ್ ಎರಡೂ ಒಟ್ಟಿಗೆ ಮುಳುಗಿದ್ದನ್ನು ನಾವು ನೋಡಿದ್ದೇವೆ. ಕಂಪ್ಯೂಟರಿನವರು ಹೇಳುವ ಹಳೇ ಲೆಕ್ಕ 3-2-1: ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಜಾಗ, ಒಂದು ಅಂಗಡಿಯಿಂದ ಹೊರಗೆ. ಕಂಪ್ಯೂಟರಿನಲ್ಲಿ ಒಂದು, ಡಿಸ್ಕಿನಲ್ಲಿ ಒಂದು, ಗೂಗಲ್ ಡ್ರೈವಿನಂಥ ಕಡೆ ಒಂದು. ಗೂಗಲ್ 15 ಜಿಬಿ ಪುಕ್ಕಟೆ ಕೊಡುತ್ತದೆ, ಎಕ್ಸೆಲ್ ಮತ್ತು ಬಿಲ್ಲುಗಳಿಗೆ ಅದು ಬೇಕಾದಷ್ಟಾಯ್ತು. ಆದರೆ ಎರಡು ವರ್ಷ ಮುಟ್ಟದ ಖಾತೆಯನ್ನು ಅವರು ಅಳಿಸಬಹುದು. ಹಾಗಾಗಿ ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೈಲು ತೆರೆದು ನೋಡಿ. ತೆರೆದರೆ ಮಾತ್ರ ಅದು ಬ್ಯಾಕಪ್.

ಇಷ್ಟೂ ಯಜಮಾನರ ಕಡೆಯ ಮಾತಾಯ್ತು. ಸಂಬಳಕ್ಕೆ ದುಡಿಯುವ ನಮ್ಮ ಕಡೆಯದ್ದೂ ಒಂದು ಉಂಟು. ಆಫೀಸಿನ ಇಮೇಲ್ ನಮ್ಮದಲ್ಲ. ಎಷ್ಟೇ ವರ್ಷ ಬಳಸಿದರೂ ಕೆಲಸ ಬಿಟ್ಟ ದಿನ ಅದರ ಬಾಗಿಲು ಮುಚ್ಚುತ್ತದೆ. ಆಫರ್ ಲೆಟರ್, ಕಾಂಟ್ರ್ಯಾಕ್ಟ್, ಸಂಬಳದ ಚೀಟಿ, ರಜೆ ಮಂಜೂರಾದ ಪತ್ರ, ಮಕ್ಕಳ ಪಾಸ್‌ಪೋರ್ಟ್ ಪ್ರತಿ ಎಲ್ಲವನ್ನೂ ಅದರೊಳಗೇ ಇಟ್ಟುಕೊಂಡವರು ನಮ್ಮಲ್ಲಿ ಬಹಳ ಮಂದಿ. ಗ್ರಾಚ್ಯುಟಿ ಲೆಕ್ಕದಲ್ಲಿ ತಕರಾರು ಬಂದಾಗ ಬೇಕಾಗುವುದು ಅವೇ ಕಾಗದಗಳು. ಬಂದ ತಿಂಗಳೇ ನಿಮ್ಮ ಸ್ವಂತ ಇಮೇಲಿಗೆ ಒಂದು ಪ್ರತಿ ಹಾಕಿಕೊಳ್ಳಿ. ಸಂಬಳ ಜಮಾ ಆದ ಬ್ಯಾಂಕಿನ ಸ್ಟೇಟ್‌ಮೆಂಟನ್ನೂ ಆಗಾಗ ಇಳಿಸಿಕೊಳ್ಳಿ. ಆದರೆ ಗಿರಾಕಿಗಳ ಪಟ್ಟಿ, ಕಂಪನಿಯ ರೇಟು, ಲೆಕ್ಕ ಇವನ್ನು ಮಾತ್ರ ಹೊರಗೆ ಒಯ್ಯಬೇಡಿ. ಇಲ್ಲಿಯ ಸೈಬರ್ ಕಾನೂನು ಬಿಗಿ. ನಮ್ಮದು ನಮಗೆ, ಅವರದು ಅವರಿಗೆ.

ಊರಿನ ನಂಬರನ್ನೂ ಮರೆಯಬೇಡಿ. ನಮ್ಮ ಊರಿನ ಬ್ಯಾಂಕಿನ ಒಟಿಪಿ ಬರುವುದು ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಆ ಹಳೇ ಸಿಮ್ಮಿಗೆ. 90 ದಿನ ಏನೂ ಬಳಕೆ ಇಲ್ಲದಿದ್ದರೆ ಅದನ್ನು ಬಂದ್ ಮಾಡಲು ಭಾರತದ ಮೊಬೈಲ್ ಕಂಪನಿಗಳಿಗೆ ಅವಕಾಶವಿದೆ. ರೀಚಾರ್ಜ್ ಮಾಡಿ, ತಿಂಗಳಿಗೊಂದು ಮೆಸೇಜ್ ಆದರೂ ಕಳಿಸಿ. 2023ರಿಂದ ಯುಎಇ, ಸೌದಿ, ಕತಾರ್, ಒಮಾನ್ ಸೇರಿ ಹತ್ತು ದೇಶಗಳ ನಂಬರನ್ನು ಎನ್‌ಆರ್‌ಇ, ಎನ್‌ಆರ್‌ಒ ಖಾತೆಯ ಯುಪಿಐಗೆ ಸೇರಿಸಲು ದಾರಿ ಆಗಿದೆ. ನಿಮ್ಮ ಬ್ಯಾಂಕಿನಲ್ಲಿ ಈ ಸೌಲಭ್ಯ ಉಂಟಾ ಅಂತ ಒಮ್ಮೆ ಕೇಳಿ.

ಇದನ್ನೆಲ್ಲ ಹೇಳುವಾಗ ನಮಗೆ ಎದುರಾಗುವ ಪ್ರಶ್ನೆ ಒಂದೇ. ಹತ್ತು ವರ್ಷ ಜೊತೆಗಿದ್ದ ಮನುಷ್ಯನ ಹತ್ತಿರ "ಆ ನಂಬರ್ ಅಂಗಡಿ ಹೆಸರಿಗೆ ಮಾಡೋಣ" ಅಂದ್ರೆ, "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಬರುತ್ತದೆ. ಬೇಸರ ಸಹಜ. ಆದರೆ ತಿರುಗಿಸಿ ನೋಡಿ. ಅಂಗಡಿಯ ಸಿಮ್ ನಮ್ಮ ಹೆಸರಿನಲ್ಲಿದ್ದು, ನಾವು ಹೋದ ಮೇಲೆ ಆ ನಂಬರಿನಿಂದ ಯಾರೋ ಏನೋ ಮಾಡಿದರೆ ಪೊಲೀಸರು ಮೊದಲು ಹುಡುಕುವುದು ಯಾರ ಐಡಿಯನ್ನು? ಬಿಲ್ಲು ಬಾಕಿ ಉಳಿದರೆ ಅದು ಯಾರ ಹೆಸರಿನಲ್ಲಿ? ಬೀಗದಕೈ ಒಪ್ಪಿಸಿದವನಿಗೆ ಆಮೇಲೆ ಬೀಗದ ಜವಾಬ್ದಾರಿಯೂ ಇಲ್ಲ. ಹಾಗಾಗಿ ಯಜಮಾನರು ಕೇಳುವ ಮೊದಲೇ ನಾವೇ ಹೇಳುವುದು ಒಳ್ಳೆಯದು: "ಇದನ್ನು ನಿಮ್ಮ ಹೆಸರಿಗೆ ಮಾಡ್ಕೊಳ್ಳಿ, ನನಗೂ ನಿಶ್ಚಿಂತೆ."

ಖರ್ಚಿಲ್ಲದ ಕೆಲಸ ಇದು, ಬೇಕಾದದ್ದು ಒಂದು ಹಾಳೆ ಮತ್ತು ಒಂದು ಗಂಟೆ. ಹಾಳೆಯಲ್ಲಿ ಮೂರು ಸಾಲು ಎಳೆಯಿರಿ. ಮೊದಲನೆಯದರಲ್ಲಿ ಖಾತೆಯ ಹೆಸರು: ವಾಟ್ಸಾಪ್, ಇಮೇಲ್, ವ್ಯಾಟ್, ಬ್ಯಾಂಕ್, ಗೂಗಲ್ ಮ್ಯಾಪ್, ಕ್ಯಾಮೆರಾ, ವೈಫೈ. ಎರಡನೆಯದರಲ್ಲಿ, ಕೋಡ್ ಯಾರ ನಂಬರಿಗೆ ಬರುತ್ತದೆ. ಮೂರನೆಯದರಲ್ಲಿ, ಆ ಮನುಷ್ಯ ನಾಳೆ ಬೆಳಿಗ್ಗೆ ಇಲ್ಲಿ ಇಲ್ಲದಿದ್ದರೆ ಬಾಗಿಲು ಯಾರು ತೆಗೆಯುತ್ತಾರೆ. ಮೂರನೇ ಸಾಲಿನಲ್ಲಿ ಖಾಲಿ ಉಳಿದದ್ದು ಯಾವುದೋ, ಈ ರಜೆಯ ದಿನ ಅದರಿಂದಲೇ ಶುರು ಮಾಡಿ.