ಗುಂಡಗಿದ್ದಾನೆ ಅಂತ ಖುಷಿಪಟ್ಟಿದ್ದೆವು

ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ದಿನ ಸುದ್ದಿಗೆಂದು ಹೋಗಿದ್ದೆವು. ಹುಡುಕಿದ್ದು ಬಡಕಲು ಮಕ್ಕಳನ್ನು. ಪೇಪರಿನವರು ಕೇಳುವುದೂ ಅದನ್ನೇ. ಅಲ್ಲೇ ಓದುವ ನಮ್ಮ ಮಗನ ಸರದಿ ಬಂತು. ಟೀಚರ್ ತೂಕ, ಎತ್ತರ ನೋಡಿ ಮೊಬೈಲಿನ ಪೋಷಣ್ ಟ್ರ್ಯಾಕರ್‌ಗೆ ಹಾಕಿದರು. "ಸರ್, ಇವನ ಎತ್ತರಕ್ಕೆ ತೂಕ ಜಾಸ್ತಿ ತೋರಿಸ್ತಿದೆ. ಊಟ ಕಡಿಮೆ ಮಾಡ್ಬೇಡಿ, ಪ್ಯಾಕೆಟ್ ಬಿಡಿಸಿ" ಅಂದರು.

ನಾಲ್ಕು ವರ್ಷದ ಮಗು! ಗುಂಡಗಿದ್ದಾನೆ ಅಂತ ಊರೆಲ್ಲ ಹೊಗಳಿ, ನಮ್ಮವ್ವ ದೃಷ್ಟಿ ತೆಗೆದಿದ್ದೇ ತೆಗೆದಿದ್ದು. ದಿನಾ ಸಂಜೆ ಬೈಕ್ ಸದ್ದಿಗೆ ಓಡಿಬರುವ ಅವನ ಕೈಗೆ ಐದು ರೂಪಾಯಿ ಪ್ಯಾಕೆಟ್ ಇಟ್ಟವರು ನಾವೇ.

2025ರ ಏಪ್ರಿಲ್‌ನ ಪೋಷಣ್ ಪಖ್ವಾಡದಲ್ಲಿ ಮಕ್ಕಳ ಬೊಜ್ಜೂ ಒಂದು ವಿಷಯವಾಗಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ತೂಕ ಹೆಚ್ಚಿದ್ದವರು 2015-16ರಲ್ಲಿ ಶೇ. 2.1, 2019-21ರಲ್ಲಿ ಶೇ. 3.4. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಯನ್ನು ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಅನ್ನುತ್ತದೆ 2020ರ ಆಹಾರ ಸುರಕ್ಷತಾ ನಿಯಮ.

ನಮ್ಮ ಅಂಗನವಾಡಿ ಇರುವುದು ಶಾಲೆ ಕಾಂಪೌಂಡಿನಲ್ಲೇ. ಗೇಟಿನಿಂದ ಅಂಗಡಿಗೆ ಹೆಜ್ಜೆ ಎಣಿಸಿದೆವು: ಇಪ್ಪತ್ತೆರಡು. ಸುದ್ದಿ ಮಾಡಬಹುದಿತ್ತು. ಆದರೆ ಆ ಅಂಗಡಿಯ ಉದ್ರಿ ಪುಸ್ತಕದಲ್ಲಿ ನಮ್ಮದೂ ಒಂದು ಪುಟ ಇದೆ. ಮೊದಲು ಅದನ್ನು ಚುಕ್ತಾ ಮಾಡಿ ಬಂದೆವು.

ಈಗ ಸಂಜೆ ಬಾಳೆಹಣ್ಣು ತರುತ್ತೇವೆ. ಮೊದಲ ದಿನ ಎಸೆದ. ಮೂರನೇ ದಿನ ಅರ್ಧ ತಿಂದ. ಅವ್ವನ ಮುನಿಸು ಮಾತ್ರ ಇಳಿದಿಲ್ಲ: "ಕೂಸು ಸೊರಗಿದ್ರೆ ನೀನೇ ಹೊಣೆ ನೋಡು!"