ಮೂಗಿಗೊಂದು ಊರುಗೋಲು

ನನಗೆ ವಾಸನೆ ತಿಳಿಯದಾಗಿ ನಾಲ್ಕು ವರ್ಷಗಳಾದವು. ಮಲ್ಲಿಗೆಯ ಕಂಪು ಹೋದುದಕ್ಕೆ ಅಷ್ಟು ದುಃಖವಿಲ್ಲ. ಭಯವಿರುವುದು ಅಡುಗೆಮನೆಯ ಸಿಲಿಂಡರಿನದು. ಸೋರಿದರೆ ತಿಳಿಯಲೆಂದೇ ಅನಿಲಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ಗಂಧದ ವಸ್ತುವನ್ನು ಬೆರೆಸುತ್ತಾರೆ. 1937ರಲ್ಲಿ ಟೆಕ್ಸಾಸಿನ ನ್ಯೂ ಲಂಡನ್ ಶಾಲೆಯಲ್ಲಿ ವಾಸನೆಯಿಲ್ಲದ ಅನಿಲ ಸ್ಫೋಟಿಸಿ ಸುಮಾರು 300 ಮಕ್ಕಳೂ ಶಿಕ್ಷಕರೂ ಸತ್ತ ಮೇಲೆ ಅಲ್ಲಿ ಹೀಗೆ ವಾಸನೆ ಬೆರೆಸುವುದು ಕಾನೂನಾಯಿತು. ಮೂಗಿದ್ದೂ ಇಲ್ಲದವನಿಗೆ ಅದರಿಂದೇನು?

ಮಗಳು ಅನಿಲಸೂಚಕವೊಂದನ್ನು ಕಳುಹಿಸಿದಳು. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಅದನ್ನು ನೆಲದಿಂದ ಗೇಣೆತ್ತರದಲ್ಲಿ ಕೂರಿಸಿದ್ದೇನೆ. ಒಳಗಿರುವುದು ತವರದ ಆಕ್ಸೈಡು; ಕಾದಿರುವಾಗ ಅನಿಲ ತಾಗಿದರೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಸದಾ ಕಾಯಿಸಬೇಕಾದ್ದರಿಂದ ಗೋಡೆಯ ಪ್ಲಗ್ಗೇ ಗತಿ. ಕರೆಂಟು ಹೋದರೆ ಅದೂ ನಾನೂ ಒಂದೇ!

ಈಚೆಗೆ ಸಿಲಿಕಾನ್ ಚಿಪ್ಪಿನ ಮೇಲೆ ಕೂದಲಿಗಿಂತ ತೆಳುವಾದ ಒಲೆಯನ್ನು ಹೂಡಿ, ಕ್ಷಣಮಾತ್ರ ಕಾಯಿಸಿ ಆರಿಸುವ, 3 ಮಿಲಿಮೀಟರ್ ಅಗಲದ ಸಂವೇದಕಗಳು ಬಂದಿವೆ. ಅವಕ್ಕೆ ಬ್ಯಾಟರಿ ಸಾಕು. ಹೀಗೆ ಚಿಕ್ಕದಾದರೆ ಹಲವನ್ನು ಒಟ್ಟಿಗೆ ಇಡಬಹುದು. ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಪರ್ಸೌಡ್ ಮತ್ತು ಡಾಡ್ 1982ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಒಂದು ಸಂವೇದಕ ವಾಸನೆಯನ್ನು ಗುರುತಿಸಲಾರದು, ಕೆಲವು ಸೇರಿ ಕೊಡುವ ಉತ್ತರ ಗುರುತಿಸಬಲ್ಲದು. ಒಂಟಿಯಾಗಿರುವ ನನ್ನದಕ್ಕೆ ಆ ವಿವೇಕವಿಲ್ಲ. ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದರೂ ಅನಿಲ ಸೋರಿದಂತೆಯೇ ಕಿರುಚುತ್ತದೆ.